ಎಡಗಡೆಯ ವಾಲ್ವ್

ನನಗೆ ಕಿವಿ ಇಲ್ಲ. ಐವತ್ತು ವರ್ಷಗಳಿಂದ ಈ ಮಾತನ್ನು ನಾನು ಹೇಳಿಕೊಂಡು ಬಂದಿದ್ದೇನೆ, ಹೆಸರು ಕೇಳಿದರೆ ಹೆಸರು ಹೇಳುವಷ್ಟೇ ಸಲೀಸಾಗಿ. ಗಣಪತಿಯ ಆರತಿಗೆ ಬಿಲ್ಡಿಂಗಿನವರೆಲ್ಲ ಹಾಡುವಾಗ ತುಟಿಯನ್ನು ಮಾತ್ರ ಅಲ್ಲಾಡಿಸಿದ್ದೇನೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳಿದಾಗ "ಇಲ್ರೀ, ನನಗ ಕಿವಿ ಇಲ್ಲ" ಎಂದಿದ್ದೆ. ಹುಡುಗನ ಸೋದರತ್ತೆ ಗಾಬರಿಯಿಂದ ನನ್ನ ತಲೆಯ ಎರಡೂ ಬದಿ ನೋಡಿದ್ದರು. ಈಗ ನಮ್ಮ ಅಣ್ಣ ತೀರಿಕೊಂಡಿದ್ದಾನೆ. ಅವನು ಹೋದ ಇಪ್ಪತ್ತೆರಡನೆಯ ದಿನ, ಅವನ ಮನೆಯಲ್ಲಿ, ಆ ಮಾತು ಸುಳ್ಳೆಂದು ಗೊತ್ತಾಯಿತು. ಆವತ್ತಿನಿಂದ ಕೈಯಲ್ಲಿ ಹಿಡಿದ ಚಹಾ ಹಾಗೇ ಆರಿಹೋಗುತ್ತದೆ. ಪಾರ್ಲೆ ಸ್ಟೇಷನ್ನಿನಲ್ಲಿ ಲೋಕಲ್ ಬಂದು ನಿಲ್ಲುತ್ತದೆ, ಜನ ನನ್ನನ್ನು ದಾಟಿ ಹತ್ತುತ್ತಾರೆ, ಲೋಕಲ್ ಹೋಗುತ್ತದೆ, ನಾನು ಅಲ್ಲೇ ನಿಂತಿರುತ್ತೇನೆ. ಸಾವಿನ ಸುದ್ದಿ ಬಂದಾಗಲೂ ನಾನು ಹೀಗೆ ಕಲ್ಲಾಗಿರಲಿಲ್ಲ.

ಅಣ್ಣ ಬದುಕಿದ್ದೂ ಹೋದದ್ದೂ ನಾವು ಹುಟ್ಟಿ ಬೆಳೆದ ಸಯನ್‌ನ ಮನೆಯಲ್ಲೇ. ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿ. ಹೊರಗೊಂದು ಕೋಣೆ, ಅದರ ಹಿಂದೆ ಅಡುಗೆಮನೆ, ಮಗ್ಗುಲಲ್ಲಿ ಟ್ರಂಕುಗಳನ್ನೂ ನಮ್ಮನ್ನೂ ಮಲಗಿಸುತ್ತಿದ್ದ ಸಣ್ಣ ಕೋಣೆ. ಹೊರಗಿನ ಕೋಣೆಯ ಒಂದು ಗೋಡೆಗೆ ಕಿಟಕಿ, ಒಂದಕ್ಕೆ ಕಪಾಟು, ಇನ್ನೊಂದಕ್ಕೆ ಮಂಚ. ಉಳಿದದ್ದು ಅಡುಗೆಮನೆಯ ಬಾಗಿಲಿದ್ದ ಗೋಡೆ. ಅಪ್ಪ ತನ್ನ ಎರಡು ಸ್ಪೀಕರುಗಳನ್ನು ಆ ಬಾಗಿಲಿನ ಆಚೆ ಒಂದು, ಈಚೆ ಒಂದು ಇಟ್ಟಿದ್ದ. ದ್ವಾರಪಾಲಕರು ಎಂದು ಅವ್ವ ಅವುಗಳನ್ನು ಬೈಯುತ್ತಿದ್ದಳು. ಬಿಸಿ ಪಾತ್ರೆ ಹಿಡಿದು ಅವುಗಳ ನಡುವೆ ಹಾದುಬರುವುದು ಅವಳಿಗೆ ದಿನನಿತ್ಯದ ಕಸರತ್ತು. ಸ್ಪೀಕರುಗಳಿಗೆ ಎದುರಾಗಿ ಬೆತ್ತದ ಕುರ್ಚಿ, ಕುರ್ಚಿಯ ಮಗ್ಗುಲಲ್ಲಿ ಮೇಜು, ಮೇಜಿನ ಮೇಲೆ ರೆಕಾರ್ಡು ತಿರುಗುವ ಯಂತ್ರ ಮತ್ತು ಅಪ್ಪ ತನ್ನ ಕೈಯಿಂದಲೇ ಕಟ್ಟಿದ ಪ್ರೀ-ಆಂಪ್. ರೆಕಾರ್ಡಿನ ಸೂಜಿಯಿಂದ ಬರುವ ದನಿ ಬಹಳ ಸಣ್ಣದಿರುತ್ತದೆ. ಅದನ್ನು ದೊಡ್ಡ ಯಂತ್ರಕ್ಕೆ ಕೊಡುವ ಮೊದಲು ಬೆಳೆಸುವ ಪೆಟ್ಟಿಗೆ ಇದು. ಅದರ ತಲೆಯ ಮೇಲೆ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ, ಹೆಬ್ಬೆರಳಿನಷ್ಟು ದಪ್ಪದ ಎರಡು ಗಾಜಿನ ವಾಲ್ವ್. ಕುರ್ಚಿಯಲ್ಲಿ ಕುಳಿತವನ ಎಡಗೈ ಕಡೆಯದು ಎಡಗಡೆಯ ಸ್ಪೀಕರಿಗೆ, ಬಲಗೈ ಕಡೆಯದು ಬಲಗಡೆಯ ಸ್ಪೀಕರಿಗೆ. ಯಂತ್ರ ಹಚ್ಚಿದರೆ ಅವುಗಳ ಹೊಟ್ಟೆಯಲ್ಲಿ ಕೆಂಪಗೆ ಒಂದು ಕಿಡಿ ಕಾಣುತ್ತಿತ್ತು.

ಧಾರವಾಡದಿಂದ ಬಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ್ದ ಅಪ್ಪನಿಗೆ ದೇವರು, ದಿಂಡರು ಅಷ್ಟಕ್ಕಷ್ಟೆ. ಆದರೆ ಖಂಡೇನವಮಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಊರಲ್ಲಿ ಕುಡಗೋಲು, ಸೌಟು, ತಕ್ಕಡಿ ಪೂಜೆಗಿಡುವಂತೆ ನಮ್ಮ ಮನೆಯಲ್ಲಿ ಆ ಪ್ರೀ-ಆಂಪ್ ಇಡುತ್ತಿದ್ದರು. ಕೆಟ್ಟ ಆಯುಧಕ್ಕೆ ಕುಂಕುಮ ಹಚ್ಚಬಾರದು ಎಂಬುದು ಅಪ್ಪನ ನೇಮ. ಹಾಗಾಗಿ ಹಬ್ಬದ ಮುಂಚಿನ ರವಿವಾರ ಬೆಳಿಗ್ಗೆ ವಾಲ್ವ್‌ಗಳ ಪರೀಕ್ಷೆ. ಲ್ಯಾಮಿಂಗ್ಟನ್ ರೋಡಿನಿಂದ, ಚೋರ್ ಬಜಾರಿನಿಂದ ವರ್ಷವಿಡೀ ಒಂದೊಂದಾಗಿ ತಂದದ್ದನ್ನು ಬಿಸ್ಕಿಟಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿಸಿಟ್ಟಿರುತ್ತಿದ್ದ. ಮೊದಲು ಕಣ್ಣಿನ ಪರೀಕ್ಷೆ: ಗಾಜಿನ ನೆತ್ತಿಯಲ್ಲಿ ಕನ್ನಡಿಯಂಥ ಬೆಳ್ಳಿಯ ಮಚ್ಚೆ ಹೊಳೆಯಬೇಕು. ಅದು ಸುಣ್ಣದಂತೆ ಬಿಳುಪಾಗಿದ್ದರೆ ಒಳಗೆ ಗಾಳಿ ಹೊಕ್ಕು ವಾಲ್ವ್ ಸತ್ತಿದೆ ಎಂದರ್ಥ. ಆಮೇಲೆ ಪೆನ್ಸಿಲ್ಲಿನ ಪರೀಕ್ಷೆ: ಯಂತ್ರ ನಡೆಯುತ್ತಿರುವಾಗ ಗಾಜಿಗೆ ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯ ದನಿ ಬರಬಾರದು. ಕೊನೆಯದು ಕಿವಿಯ ಪರೀಕ್ಷೆ. ರೆಕಾರ್ಡು ಹಾಕದೆ, ದನಿಯನ್ನು ಪೂರ್ತಿ ಏರಿಸಿ, ಸುಮ್ಮನೆ ಕೇಳುವುದು. ಒಳ್ಳೆಯ ವಾಲ್ವ್ ಮೌನವಾಗಿರುತ್ತದೆ, ಕೆಟ್ಟದ್ದು ಸುಂಯ್ ಎನ್ನುತ್ತದೆ.

ಈ ಕೊನೆಯ ಪರೀಕ್ಷೆಯಲ್ಲಿ ಅಪ್ಪ ತಾನೇ ನಾಪಾಸು. ಎಕ್ಸ್‌ಚೇಂಜಿನ ಯಂತ್ರಗಳ ನಡುವೆ ವರ್ಷಗಟ್ಟಲೆ ನಿಂತು ಅವನಿಗೆ ಸಣ್ಣ ದನಿಗಳು ಕೇಳದಾಗಿದ್ದವು. ಆದರೆ ಪರೀಕ್ಷೆಯ ಗದ್ದಲಕ್ಕೇನೂ ಕಡಿಮೆ ಇರಲಿಲ್ಲ.

"ಫ್ಯಾನ್ ಬಂದ್! ಸ್ಟೋ ಬಂದ್! ಯಾರೂ ಉಸಿರಾಡಬ್ಯಾಡ್ರಿ!"

ಅವ್ವ ಆಗ ತಾನೇ ಅವಲಕ್ಕಿಗೆ ಒಗ್ಗರಣೆ ಇಟ್ಟಿರುತ್ತಿದ್ದಳು.

"ಸಾಸಿವಿ ಸಿಡಿಯಾಕ ಹತ್ಯಾವ. ಅವಕ್ಕೂ ನೀವ ಬಂದು ಹೇಳ್ರಿ, ಸುಮ್ಮನಿರ್ರಿ ಅಂತ."

"ಐದು ನಿಮಿಷಾನ. ಆರಿಸು."

"ಹೋದ ವರ್ಷಾನೂ ಐದು ನಿಮಿಷ ಅಂದು ಒಂದ್ ವಾಲ್ವ್ ಕೆಟ್ಟದ ಅಂತ ಬಿಸಾಕಿದ್ರಿ. ಆಮ್ಯಾಲ ನೋಡಿದ್ರ ಸುಂಯ್ ಅಂದಿದ್ದು ನನ್ನ ಸ್ಟೋ!"

ನಾನು ಎಂಟು ವರ್ಷದವಳಿದ್ದಾಗಿನ ಪರೀಕ್ಷೆ ನನಗೆ ಚೆನ್ನಾಗಿ ನೆನಪಿದೆ. ಅಣ್ಣನಿಗೆ ಹನ್ನೊಂದು. ಅವನ ಹೆಸರು ಗುರುನಾಥ, ಮನೆಯಲ್ಲಿ ಗುರು. ಅಪ್ಪ ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ತಾನು ಮೇಜಿನ ಹತ್ತಿರ ನಿಂತಿದ್ದ. ನಾನು ಅಡುಗೆಮನೆಯ ಹೊಸ್ತಿಲಲ್ಲಿ, ಎರಡು ಸ್ಪೀಕರುಗಳ ನಡುವೆ, ಅವರಿಗೆ ಮುಖ ಮಾಡಿ ಕುಳಿತು ಚಪಾತಿಯ ಹಿಟ್ಟು ನಾದುತ್ತಿದ್ದೆ. ಸ್ಟೋ ಆರಿತು. ಫ್ಯಾನು ನಿಂತಿತು. ಆ ಮೌನದಲ್ಲಿ ಒಂದು ಸ್ಪೀಕರಿನಿಂದ ಸಣ್ಣ ಸದ್ದು ಬರುತ್ತಿತ್ತು. ಅಪ್ಪನಿಗೆ ಏನನ್ನಿಸಿತೋ, ಆ ಸಲ ನನ್ನನ್ನೇ ಮೊದಲು ಕೇಳಿದ.

"ಶಾಂತಿ, ನೀ ಹೇಳು ನೋಡೋಣು. ಯಾವ ಕಡೆ?"

"ಎಡಗಡೆ ಅಪ್ಪಾ. ಯಾರೋ ಅಕ್ಕಿ ಕೇರಿದಂಗ ಕೇಳ್ತದ."

ಅಪ್ಪ ಯಂತ್ರ ಆರಿಸಿದ, ಕರವಸ್ತ್ರದಲ್ಲಿ ಹಿಡಿದು ಎಡಗಡೆಯ ವಾಲ್ವ್ ಕಿತ್ತ, ಬೇರೊಂದು ಕೂರಿಸಿದ, ಮತ್ತೆ ಹಚ್ಚಿ ಕಾಯುವಷ್ಟು ಕಾದ. ಅಕ್ಕಿ ಕೇರುವ ಸದ್ದು ಹಾಗೇ ಇತ್ತು.

"ಈಗ?"

"ಎಡಗಡೆನ. ಹಂಗ ಅದ."

"ಹೊಸಾ ವಾಲ್ವ್ ಹಾಕೀನಲ್ಲ, ಹಂಗ ಹ್ಯಾಂಗಿರ್ತದ? ಗುರು, ನೀ ಹೇಳಪಾ."

ಅಣ್ಣ ತಕ್ಷಣ ಹೇಳಲಿಲ್ಲ. ತಲೆ ಓರೆ ಮಾಡಿ ನನ್ನನ್ನೇ ನೋಡಿದ. ನಾನು ಸದ್ದಿನ ಕಡೆ ನೋಡುತ್ತಿದ್ದೆ. ಅವನು ಬಲಗಡೆ ಎಂದ. ಅಪ್ಪ ಬಲಗಡೆಯದನ್ನು ಬದಲಿಸಿದ. ಯಾರೋ ನಲ್ಲಿ ಮುಚ್ಚಿದಂತೆ ಸದ್ದು ನಿಂತಿತು.

"ಇದು ಕಿವಿ ಅಂದ್ರ!" ಎಂದು ಅಪ್ಪ ಅವನ ಬೆನ್ನು ತಟ್ಟಿದ. ನನ್ನ ಕಡೆ ತಿರುಗಿ ನಕ್ಕ. "ಶಾಂತಿಗೆ ಎಡಾ ಬಲಾನೂ ತಿಳಿಯಂಗಿಲ್ಲ, ಕಿವಿನೂ ಇಲ್ಲ. ನೀ ಹಿಟ್ಟು ನಾದವಾ."

ಅವ್ವನೂ ನಕ್ಕಳು. ನಾನೂ ನಕ್ಕೆ. ಅಪ್ಪ ಆ ವಾಲ್ವ್‌ನ ರಟ್ಟಿನ ಪೊಟ್ಟಣದ ಮೇಲೆ ನೀಲಿ ಶಾಯಿಯಲ್ಲಿ "ಗುರು ಪಾಸ್" ಎಂದು ಬರೆದ. ಅಲ್ಲಿಂದ ಮುಂದೆ ನಮ್ಮ ಮನೆಗೆ ಬಂದ ಪ್ರತಿ ವಾಲ್ವ್‌ನ ಪೊಟ್ಟಣದ ಮೇಲೂ ಒಂದೋ ಗುರು ಪಾಸ್, ಇಲ್ಲವೇ ಗುರು ನಾಪಾಸ್. ನನ್ನನ್ನು ಯಾರೂ ಮತ್ತೆ ಕೇಳಲಿಲ್ಲ. ಹೊಸ್ತಿಲಲ್ಲಿ ಕುಳಿತು ಮೆಂತ್ಯಸೊಪ್ಪು ಬಿಡಿಸುವುದೋ, ಅಕ್ಕಿಯಲ್ಲಿ ಕಲ್ಲು ಆರಿಸುವುದೋ ನನ್ನ ಪಾಲಿಗೆ. ಸದ್ದು ಇಂಥ ಕಡೆಯಿಂದ ಬರುತ್ತಿದೆ ಎಂದು ನನಗೂ ಅನ್ನಿಸುತ್ತಿತ್ತು, ಅಣ್ಣ ಬೆರಳು ಮಾಡುತ್ತಿದ್ದದ್ದೂ ಅದೇ ಸ್ಪೀಕರಿನ ಕಡೆಗೇ. ಆದರೆ ಅವನು ಹೇಳಿದ್ದಕ್ಕೇ ನನಗೆ ಹಾಗನ್ನಿಸಿತು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಒಂದೇ ಸಿಟ್ಟೆಂದರೆ, ಪ್ರತಿ ಸಲವೂ ಉತ್ತರ ಹೇಳುವ ಮೊದಲು ಅವನು ನನ್ನನ್ನು ದಿಟ್ಟಿಸುತ್ತಿದ್ದ. ಅಣಕಿಸುತ್ತಿದ್ದಾನೆ ಎಂದು ನಾನು ನಾಲಿಗೆ ಚಾಚುತ್ತಿದ್ದೆ.

"ಯಾಕ ನೋಡ್ತಿ ಹಂಗ?"

"ಸುಮ್ನ" ಎನ್ನುತ್ತಿದ್ದ.

ಅದೇ ಹೊತ್ತಿಗೆ ಬಿಲ್ಡಿಂಗಿನ ಕೆಳಮನೆಗೆ ಮಾಟುಂಗದಿಂದ ಒಬ್ಬ ಟೀಚರ್ ಶನಿವಾರ ಸಂಗೀತ ಹೇಳಿಕೊಡಲು ಬರತೊಡಗಿದರು. ಸಂಜೆ ಮೆಟ್ಟಿಲ ಮೇಲೆ ಕುಳಿತು ನಾನು ಆ ಹುಡುಗಿಯರ ಸರಳೆವರಸೆ ಕೇಳುತ್ತಿದ್ದೆ. ಮೇಲೆ ಬಂದು ಪಾತ್ರೆ ತೊಳೆಯುವಾಗ ಅವು ತಾವಾಗಿ ಬಾಯಿಗೆ ಬರುತ್ತಿದ್ದವು. ಅವ್ವನಿಗೆ ನನ್ನನ್ನು ಕಳಿಸುವ ಮನಸ್ಸಾಯಿತು. ಊಟದ ಹೊತ್ತಿಗೆ, ಜುಣಕದ ಪಾತ್ರೆ ಅಪ್ಪನ ಮುಂದೆ ಸರಿಸುತ್ತ, ಮಾತು ತೆಗೆದಳು.

"ಶಾಂತಿನ್ನ ಹಾಡಿನ ಕ್ಲಾಸಿಗೆ ಹಚ್ಚೋಣೇನು?"

"ಎಡಾ ಬಲಾ ತಿಳಿಯದ ಕಿವಿಗೆ ಸ್ವರ ಏನ್ ತಿಳೀತಾವ? ಗುರುನ್ನ ಕಳಸು."

ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನ ಲೆಕ್ಕಕ್ಕೆ ಅದು ಪರೀಕ್ಷೆಯಾದ ವಿಷಯ. ನಾನು ಅಣ್ಣನ ಕಡೆ ನೋಡಿದೆ. ಅವನು ತಲೆ ತಗ್ಗಿಸಿಕೊಂಡು ರೊಟ್ಟಿ ಮುರಿಯುತ್ತಿದ್ದ. ಅವನು ಮೂರು ಶನಿವಾರ ಹೋದ. ನಾಲ್ಕನೆಯ ಶನಿವಾರ, ಬೇಸರ ಬಂತು ಎಂದು ಬಿಟ್ಟ. ನಾನು ಮೆಟ್ಟಿಲ ಮೇಲೆ ಕೂರುವುದನ್ನು ನಿಲ್ಲಿಸಿದೆ. ಇಲ್ಲದ ಕಿವಿಯಿಂದ ಕೇಳುವುದು ಕದ್ದು ತಿಂದಂತೆ ಅನ್ನಿಸಿತು. ಪಾತ್ರೆ ತೊಳೆಯುವಾಗ ಬಾಯಿಗೆ ಬರುತ್ತಿದ್ದದ್ದೂ ಕ್ರಮೇಣ ನಿಂತಿತು. ಯಾವ ದಿನ ನಿಂತಿತೆಂದು ಹೇಳಲಾರೆ. ಕೈಯ ಮೇಲಿನ ಮಚ್ಚೆಯಂತೆ ಆ ಮಾತು ನನ್ನದೇ ಆಗಿಹೋಯಿತು. ನನ್ನ ಮಗಳು ಹಾಡು ಕಲಿಯುತ್ತೇನೆಂದಾಗ ಅವಳನ್ನು ಕ್ಲಾಸಿಗೆ ಬಿಟ್ಟು ನಾನು ಹೊರಗೆ ರಸ್ತೆಯಲ್ಲಿ ನಿಲ್ಲುತ್ತಿದ್ದೆ.

ಅಪ್ಪ ಹೋದ, ಅವ್ವ ಹೋದಳು. ಮನೆಯೂ ಯಂತ್ರವೂ ಅಣ್ಣನಿಗೆ ಉಳಿದವು. ಹಳೆಯ ರೆಕಾರ್ಡುಗಳ ಹುಚ್ಚಿನವರು ವಾಲ್ವ್ ಆರಿಸಿಕೊಡು ಎಂದು ಅವನ ಹತ್ತಿರ ಬರುತ್ತಿದ್ದರು. ಇಟ್ಟು ಹೋಗಿರಿ, ದಸರೆಗೆ ನೋಡೋಣ ಎನ್ನುತ್ತಿದ್ದ. ನಾನು ಮದುವೆಯಾಗಿ ಪಾರ್ಲೆಗೆ ಹೋದ ಮೇಲೂ ಖಂಡೇನವಮಿಯ ಮುಂಚಿನ ರವಿವಾರ ಅವನ ಫೋನು ತಪ್ಪುತ್ತಿರಲಿಲ್ಲ. "ನೀ ಬರಲಿಲ್ಲಂದ್ರ ಪೂಜಿ ಆಗಂಗಿಲ್ಲ ನೋಡು." ಒಂದು ವರ್ಷ ನನಗೆ ಆಪರೇಷನ್ ಆಗಿ ಹೋಗಲಾಗಲಿಲ್ಲ. ಆ ವರ್ಷ ಅವನು ಪರೀಕ್ಷೆಯನ್ನೇ ಒಂದು ತಿಂಗಳು ಮುಂದೆ ಹಾಕಿದ. ತಂಗಿಯ ಮೇಲೆ ಎಷ್ಟು ಜೀವ ಎಂದು ನನ್ನ ಗಂಡ ಹೊಗಳಿದರು. ನಾನೂ ಹಾಗೇ ತಿಳಿದಿದ್ದೆ. ದಾದರ್‌ನಲ್ಲಿ ಇಳಿದು ಲೋಕಲ್ ಬದಲಿಸಿ, ಸಯನ್‌ಗೆ ಹೋಗಿ, ಅದೇ ಹೊಸ್ತಿಲಲ್ಲಿ ಕುಳಿತು ಸೊಪ್ಪು ಬಿಡಿಸಿಕೊಟ್ಟು ಬರುತ್ತಿದ್ದೆ.

ಒಂದು ಬೆಳಿಗ್ಗೆ, ಹೊರಗೆ ಹೊರಟವನು, ಬೂಟಿನ ಲೇಸು ಕಟ್ಟಿಕೊಳ್ಳುತ್ತ ಬಾಗಿದವನು ಮೇಲೆ ಏಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲಿನ ರವಿವಾರ ವೈನಿ, ಎಂದರೆ ಅಣ್ಣನ ಹೆಂಡತಿ ಮಾಲತಿ, ಫೋನು ಮಾಡಿದರು. ರವಿವಾರ ಬೆಳಿಗ್ಗೆ ಮನೆ ಇಷ್ಟು ಸುಮ್ಮನಿದ್ದು ಅವರಿಗೆ ಗೊತ್ತೇ ಇಲ್ಲ. ಅಣ್ಣ ಕೇಳುತ್ತಿದ್ದ ರೆಕಾರ್ಡು ಹಾಕೋಣವೆಂದು ಯಂತ್ರ ಹಚ್ಚಿದರೆ ಸುಂಯ್ ಎನ್ನುತ್ತಿದೆ. ನಾನು ಹೋದೆ. ವೈನಿ ಆಗಲೇ ಬಿಸ್ಕಿಟಿನ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಹತ್ತಿಯಲ್ಲಿ ಮೂರು ವಾಲ್ವ್ ಉಳಿದಿದ್ದವು.

"ಬದಲಿ ಮಾಡೂದು ನನಗ ಬರ್ತದ, ಇವರು ಮಾಡೂದು ನೋಡೀನಿ. ಕೆಟ್ಟದ್ದು ಯಾವುದು ಅಂತ ನೀವು ಕೇಳಿ ಹೇಳ್ರಿ."

"ನಾ ಏನ್ ಹೇಳ್ಲಿ ವೈನಿ? ನನಗ ಕಿವಿ ಎಲ್ಲದ?"

ವೈನಿ ನಕ್ಕರು. ಇಪ್ಪತ್ತೆರಡು ದಿನಗಳಲ್ಲಿ ಅವರು ನಕ್ಕದ್ದು ಅದೇ ಮೊದಲು.

"ಸಾಕ್ರಿ ನಾಟಕ. ಈಗೇನ್ ಮಾವನವರು ಅದಾರೇನು ಇಲ್ಲೆ? ನನಗ ಎಲ್ಲಾ ಗೊತ್ತದ."

"ಏನ್ ಗೊತ್ತದ?"

"ಇವರ ಎಡಗಿವಿ ಕೇಳ್ತಿರಲಿಲ್ಲ ಅಂತ. ಲಗ್ನ ಆದ ಹೊಸದ್ರಾಗ ಮಲಗಿದಾಗ ಏನೋ ಹೇಳಿದೆ, ಮಾತಾಡಲೇ ಇಲ್ಲ. ಸಿಟ್ಟಿಗೆದ್ದು ನಾ ಅತ್ತೆ. ಆವಾಗ ಹೇಳಿದ್ರು, ಸಣ್ಣಾವಿದ್ದಾಗ ಮಂಗನಬಾವು ಆಗಿ ಕಿವಿ ಹೋತು ಅಂತ. ಅವತ್ತಿನಿಂದ ನಾ ಬಲಕ್ಕ ಮಲಗತೀನಿ. ಸದ್ದು ಕೇಳ್ತಿತ್ತಂತ, ಎಲ್ಲಿಂದ ಬರ್ತದ ಅನ್ನೂದ ತಿಳೀತಿರಲಿಲ್ಲಂತ. ಅದಕ್ಕ ನೀವು ಕಣ್ಣಿಂದ ತೋರಿಸ್ತಿದ್ರಿ, ಇವರು ಬಾಯಿಂದ ಹೇಳ್ತಿದ್ರು. ಮಾವನವರಿಗೆ ಕಡೀತನಕಾ ತಿಳೀಲಿಲ್ಲ. ಇಬ್ಬರೂ ಕೂಡಿ ಏನ್ ಸುಳ್ಳು ಆಡಿದ್ರಿ! ಒಂದ್ ದಿನ ಬಾಯಿ ಬಿಡಲಿಲ್ಲ, ಅಂಥಾ ತಂಗಿ ನನ್ನಕಿ ಅಂತಿದ್ರು... ಯಾಕ? ನಿಮಗ ಗೊತ್ತಿತ್ತಲ್ಲ?"

ಒಳಗೆ ಹಾಲು ಉಕ್ಕುವ ವಾಸನೆ ಬಂತು. ವೈನಿ ಓಡಿದರು. ನಾನು ನಿಂತಲ್ಲೇ ನಿಂತೆ. ಮಂಗನಬಾವು ನೆನಪಿತ್ತು. ಅಪ್ಪ ನನ್ನನ್ನು ಕೇಳಿದ ಆ ಪರೀಕ್ಷೆಯ ಮುಂಚಿನ ಬೇಸಿಗೆಯಲ್ಲಿ ಅವನ ಗಲ್ಲಗಳು ಊದಿ ಕಣ್ಣು ಮುಚ್ಚಿಹೋಗಿದ್ದವು. ಹತ್ತು ದಿನಕ್ಕೆ ಇಳಿದಿತ್ತು. ಆಮೇಲೆ ಅವ್ವ ಕರೆದರೆ ಅವನಿಗೆ ಕೇಳದೆ, ಓದುವ ನೆಪ ಹೇಳುತ್ತಾನೆಂದು ಬೈಸಿಕೊಳ್ಳುತ್ತಿದ್ದ. ಎಲ್ಲವೂ ಕಣ್ಣ ಮುಂದೆಯೇ ಇತ್ತು. ಗೊತ್ತಿತ್ತು ಎನ್ನಲೇ, ಇಲ್ಲ ಎನ್ನಲೇ? ಗೊತ್ತಿತ್ತು ಎಂದರೆ ನನ್ನ ಬಾಲ್ಯವನ್ನು ನಾನೇ ಸಂತೋಷದಿಂದ ಅವನಿಗೆ ಕೊಟ್ಟಂತೆ. ಇಲ್ಲ ಎಂದರೆ ಈ ಹೆಂಗಸಿಗೆ ಉಳಿದಿರುವ ಗಂಡನನ್ನು ಕಿತ್ತುಕೊಂಡಂತೆ. ವೈನಿ ಹಿಂದಿರುಗಿ ಯಂತ್ರ ಹಚ್ಚಿದರು. ಏನಾದರೂ ಒಂದು ಕೆಲಸ ಬೇಕಾಗಿತ್ತು. ನಾನು ಹೋಗಿ ಅಡುಗೆಮನೆಯ ಬಾಗಿಲಲ್ಲಿ, ಸ್ಪೀಕರುಗಳ ನಡುವೆ, ಅವರಿಗೆ ಮುಖ ಮಾಡಿ ನಿಂತೆ. ಅದು ನನ್ನ ಜಾಗ.

ವಾಲ್ವ್ ಕಾದವು. ಸದ್ದು ಬಂತು.

"ಎಡಗಡೆ" ಎಂದೆ.

ವೈನಿ ಯಂತ್ರ ಆರಿಸಿ, ತಣ್ಣಗಾಗಲು ಬಿಟ್ಟು, ಕರವಸ್ತ್ರ ಸುತ್ತಿ ಎಡಗಡೆಯದನ್ನು ಕಿತ್ತರು. ಡಬ್ಬಿಯಲ್ಲಿದ್ದ ಒಂದರ ನೆತ್ತಿ ಸುಣ್ಣದಂತೆ ಬೆಳ್ಳಗಿತ್ತು. ಅದನ್ನು ಬದಿಗಿಟ್ಟು ಇನ್ನೊಂದನ್ನು ಕೂರಿಸಿದರು. ಮತ್ತೆ ಹಚ್ಚಿದರು. ಸದ್ದು ಇದ್ದಲ್ಲೇ ಇತ್ತು.

"ಇನ್ನೂ ಅದ. ಎಡಗಡೆನ."

"ಇದಾ ಅಲ್ಲೇನ್ರಿ ಎಡಗಡೆ?" ವೈನಿ ತಮ್ಮ ಎಡಗೈಯನ್ನು ಹೊಸ ವಾಲ್ವ್‌ನ ಮೇಲೆ ಹಿಡಿದು ತೋರಿಸಿದರು.

ನಾನು ಅವರ ಎಡಗೈ ನೋಡಿದೆ. ನನ್ನ ಎಡಗೈ ನೋಡಿದೆ. ಅವು ಎದುರುಬದುರಾಗಿದ್ದವು. ಸದ್ದು ನನ್ನ ಎಡಗೈಯ ಕಡೆಯ ಸ್ಪೀಕರಿನಿಂದ ಬರುತ್ತಿತ್ತು. ಕುರ್ಚಿಯಲ್ಲಿ ಕುಳಿತವನಿಗೆ ಅದು ಬಲಗಡೆ. ಎಂಟನೆಯ ವಯಸ್ಸಿನಲ್ಲಿ ನಾನು ಹೇಳಿದ್ದು ಸರಿಯಾಗಿತ್ತು. ನಾನು ಅವರ ಕಡೆ ಮುಖ ಮಾಡಿ ಕುಳಿತಿದ್ದೆ, ಅಷ್ಟೆ. ಕೈ ಹಿಟ್ಟಿನಲ್ಲಿ ಇರದಿದ್ದರೆ, ಬೆರಳು ಮಾಡಿ ತೋರಿಸಿದ್ದರೆ ಮುಗಿದಿತ್ತು. ಅಪ್ಪ ಎರಡು ಹೆಜ್ಜೆ ಇತ್ತ ಬಂದು ನಿಂತು ನೋಡಿದ್ದರೆ ಮುಗಿದಿತ್ತು. ಅದನ್ನು ಕಂಡವನು ಒಬ್ಬನೇ. ಬಾಯಿ ಒಂದು ಹೇಳಿದ್ದನ್ನೂ ಕಣ್ಣು ಇನ್ನೊಂದು ಕಡೆ ಇದ್ದದ್ದನ್ನೂ ನೋಡಿ, ಸರಿಯಾದದ್ದು ಯಾವುದೆಂದು ತಿಳಿದು, ತನ್ನ ಹೆಸರಿಗೆ ಬರೆಸಿಕೊಂಡವನು.

"ಬಲಗಡೆ" ಎಂದೆ. "ನಿಮ್ಮ ಬಲಗಡೆ, ವೈನಿ."

ಕಿತ್ತ ವಾಲ್ವ್‌ನಲ್ಲಿ ದೋಷ ಇರಲಿಲ್ಲ. ಅದನ್ನು ತಿರುಗಿ ಎಡಗಡೆ ಕೂರಿಸಿ, ಹೊಸದನ್ನು ಬಲಗಡೆಗೆ ಹಾಕಿದರು. ಸುಂಯ್ ನಿಂತಿತು. ಆದರೆ ಪೆನ್ಸಿಲ್ ತಟ್ಟಿದಾಗ ಗಂಟೆಯಂತೆ ಉಲಿಯಿತು. ಬೇಡ ಎಂದೆ. ಕೊನೆಯದು ಅಣ್ಣ ಈಚೆಗೆ ತರಿಸಿದ ಪರದೇಶದ ಹೊಸ ವಾಲ್ವ್. ಅದನ್ನು ಹಾಕಿ, ಕಾದು, ದನಿ ಏರಿಸಿ ಕೇಳಿದೆ. ಪೆನ್ಸಿಲ್ಲಿಗೂ ಉಲಿಯಲಿಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಬಾಗಿಲು ಮುಚ್ಚಿದ್ದು ಕೇಳಿತು. ಪಕ್ಕದ ಮನೆಯ ಗಡಿಯಾರ ಕೇಳಿತು. ಎರಡೂ ಸ್ಪೀಕರಿನಿಂದ ಏನೂ ಕೇಳಲಿಲ್ಲ.

"ಇದು ಇರಲಿ. ಇದು ಛಲೋ ಅದ."

ವೈನಿ ರೆಕಾರ್ಡಿಗೆ ಕೈ ಹಾಕಿದವರು ನಿಂತರು. ನನ್ನ ಮುಖ ಅವರಿಗೆ ಹೇಗೆ ಕಂಡಿತೋ.

"ಶಾಂತಿ, ನಾ ಕೇಳಿದ್ದಕ್ಕ ನೀವು ಹೇಳಲಿಲ್ಲ. ನಿಮಗ ಗೊತ್ತಿತ್ತಲ್ಲ?"

"ಇಲ್ಲ ವೈನಿ. ಗೊತ್ತಿರಲಿಲ್ಲ."

ಅವರು ಮಂಚದ ಅಂಚಿಗೆ ಕುಳಿತರು.

"ಅಂದ್ರ ಇವರು ನನಗೂ ಸುಳ್ಳು ಹೇಳಿದ್ರೇನು?"

"ನನಗ ಗೊತ್ತದ ಅಂತ ಅವ ಖರೇನ ತಿಳಕೊಂಡಿದ್ನೋ ಏನೋ. ನಾ ಬೇಕಂತ ತೋರಿಸ್ತೀನಿ ಅಂತ."

"ಹಂಗ ಅನ್ಕೊಂಡ್ರ ನಿಮಗ ಸಮಾಧಾನ ಆಗ್ತದೇನು?"

ಹೌದು ಎನ್ನಲು ಬಾಯಿ ತೆರೆದೆ. ಊಟಕ್ಕೆ ಕುಳಿತು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ ಹುಡುಗ ಕಣ್ಣಿಗೆ ಬಂದ. ಆಟ ಎಂದು ತಿಳಿದವನು ಹಾಗೆ ತಲೆ ತಗ್ಗಿಸುವುದಿಲ್ಲ.

"ಇಲ್ಲ."

"ಹಂಗಾದ್ರ ಬೈರಿ. ಸತ್ತಾರಂತ ಬಿಡಬ್ಯಾಡ್ರಿ. ನಾ ದಿನಾ ಬೈಯ್ಯಾಕತ್ತೀನಿ, ಹೇಳದ ಕೇಳದ ಹೋದ್ರಲ್ಲ ಅಂತ. ನೀವು ಇನ್ನೂ ಒಂದ್ ಮಾತು ಅಂದಿಲ್ಲ ಅವರಿಗೆ."

ನಾನು ಬಾಗಿಲು ಬಿಟ್ಟು ಕೋಣೆ ದಾಟಿ ಅವನ ಕುರ್ಚಿಯ ಹತ್ತಿರ ಹೋದೆ. ಬೆತ್ತ ಅವನು ಕೂರುತ್ತಿದ್ದಲ್ಲಿ ತಗ್ಗಾಗಿತ್ತು. ನಾನು ನಿಂತದ್ದು ಅದರ ಎಡಗಡೆ. ಅಣ್ಣಾ ಎಂದೆ. ಆಮೇಲೆ ಸುತ್ತಿ ಬಲಗಡೆಗೆ ಬಂದೆ. ಅವನ ಕಿವಿ ಇರುತ್ತಿದ್ದ ಎತ್ತರಕ್ಕೆ ಬಾಗಿದೆ. ಬಾಗುವಾಗಲೇ ದನಿ ಒಡೆಯಿತು. ಆದರೂ ಕೆಳಮನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

"ಒಂದ್ ಮಾತು ಹೇಳಾಕ ನಿನಗೇನಾಗಿತ್ತೋ? ಒಂದ್ ಮಾತು!"